ತಂಗಿಯ ಕುತ್ತಿಗೆಯಲ್ಲಿ ಗಂಟು, ಆರು ವಾರವಾದರೂ ಇಳಿದಿಲ್ಲ

ಹರಿಹರದ ಅಣ್ಣ · ಮೇ 12, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತಂಗಿಗೆ 22 ವರ್ಷ, ಬಿ.ಎಡ್ ಓದುತ್ತಿದ್ದಾಳೆ. ಯುಗಾದಿಯ ದಿನ ಅಮ್ಮ ಅವಳ ತಲೆಗೆ ಎಣ್ಣೆ ಹಚ್ಚುವಾಗ ಬಲಗಡೆ ಕುತ್ತಿಗೆಯಲ್ಲಿ, ಕಿವಿಯಿಂದ ನಾಲ್ಕು ಬೆರಳು ಕೆಳಗೆ, ಗೋಲಿಯಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಮೇಲಿನ ಚರ್ಮ ಕೆಂಪಾಗಿಲ್ಲ. ಈಗ ಅದು ಅಡಿಕೆಯಷ್ಟಾಗಿದೆ, ಪಕ್ಕದಲ್ಲಿ ಇನ್ನೂ ಎರಡು ಸಣ್ಣವು ಬಂದಿವೆ.

ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಮೂರು ಸಲ ಆಂಟಿಬಯಾಟಿಕ್ ಕೊಟ್ಟರು, ಒಂದೊಂದು ಸಲ ಐದೈದು ದಿನ. ಏನೂ ಇಳಿದಿಲ್ಲ. ಸುಣ್ಣ ಬೆಲ್ಲ ಕಲಸಿ ಹಚ್ಚಿದ್ದೂ ಆಯಿತು, ಚರ್ಮ ಸುಟ್ಟಿದ್ದೇ ಬಂತು. ಸಂಜೆ ಹೊತ್ತಿಗೆ ಮೈ ಬೆಚ್ಚಗಾಗುತ್ತದೆ ಅನ್ನುತ್ತಾಳೆ. ತೂಕ 51 ಇದ್ದದ್ದು 47ಕ್ಕೆ ಬಂದಿದೆ. ಅವಳು ಊಟ ಬಿಟ್ಟಿರುವುದು ಹೆದರಿಕೆಗೋ ಕಾಯಿಲೆಗೋ ನನಗೆ ತಿಳಿಯುತ್ತಿಲ್ಲ.

ಅಮ್ಮ ಯಾರಿಗೂ ಹೇಳಬೇಡ ಅಂತಿದ್ದಾರೆ, ಸಂಬಂಧ ನೋಡುವ ಸಮಯ. ನನಗೆ ತಡೆದುಕೊಳ್ಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ಯಾರ ಹತ್ತಿರ ಹೋಗಬೇಕು, ಯಾವ ಪರೀಕ್ಷೆ ಮೊದಲು ಮಾಡಿಸಬೇಕು?

ಇಎನ್‌ಟಿ ವೈದ್ಯೆ, ಮೈಸೂರು · ಮೇ 12, ರಾತ್ರಿ 10:25

ಮುಟ್ಟಿ ನೋಡದೆ ಇದು ಇಂಥದ್ದೇ ಎಂದು ಹೇಳಲಾರೆ. ಆದರೆ ನಾಲ್ಕನೆಯ ಸಲ ಆಂಟಿಬಯಾಟಿಕ್ ಬೇಡ. ದೊಡ್ಡವರ ಕುತ್ತಿಗೆಯಲ್ಲಿ ಗಂಟು ಎರಡು ಮೂರು ವಾರ ಮೀರಿ ಉಳಿಯಿತೆಂದರೆ ಔಷಧಿ ಬದಲಾಯಿಸುತ್ತ ಕೂರಬಾರದು, ಕಾರಣ ಹುಡುಕಬೇಕು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಎನ್‌ಟಿ ಅಥವಾ ಸರ್ಜರಿ ಹೊರರೋಗಿ ವಿಭಾಗಕ್ಕೆ ಹೋಗಿ.

ಒಂದು ವಿಷಯ ನಿಮಗೆ ಮೊದಲೇ ತಿಳಿದಿದ್ದರೆ ಒಳ್ಳೆಯದು. ನಮ್ಮ ಮೈಯಲ್ಲಿರುವ ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್, ಸೋಂಕನ್ನು ತಡೆಯುವ ಸಣ್ಣ ಗ್ರಂಥಿಗಳು) ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕುತ್ತಿಗೆಯಲ್ಲೇ ಇವೆ. ಒಂದೊಂದು ಕೆರೆಗೆ ಒಂದೊಂದು ಹಳ್ಳದ ನೀರು ಬರುವ ಹಾಗೆ ಒಂದೊಂದು ಗ್ರಂಥಿಗೂ ಒಂದೊಂದು ಸೀಮೆಯ ರಸ ಬಂದು ಸೇರುತ್ತದೆ. ತಲೆಯ ಚರ್ಮದ್ದು ಕಿವಿಯ ಹಿಂದೆ ಮತ್ತು ಹೆಡಕಿಗೆ, ಹಲ್ಲು ಮತ್ತು ನಾಲಿಗೆಯದ್ದು ದವಡೆಯ ಕೆಳಗೆ, ಟಾನ್ಸಿಲ್ಲಿನದ್ದು ದವಡೆಯ ಮೂಲೆಗೆ. ಕೊರಳೆಲುಬಿನ ಮೇಲಿನ ಗುಳಿಗಂತೂ ಎದೆಯಿಂದ, ಹೊಟ್ಟೆಯಿಂದಲೂ ಬರುತ್ತದೆ. ಹಾಗಾಗಿ ಗಂಟು ಕಾಣುವುದು ಕುತ್ತಿಗೆಯಲ್ಲಾದರೂ ಅದರ ಬೇರು ಎಷ್ಟೋ ಸಲ ಬೇರೆ ಕಡೆ ಇರುತ್ತದೆ. ಗಂಟನ್ನು ಮಾತ್ರ ಒತ್ತಿ ನೋಡಿ ಚೀಟಿ ಬರೆದರೆ ಕೆಲಸ ಅರ್ಧ ಆದಂತೆ.

ಇಷ್ಟಕ್ಕೆ ಉತ್ತರ ಕೊಡಿ: ಮನೆಯಲ್ಲಿ, ಹಾಸ್ಟೆಲಿನಲ್ಲಿ ಯಾರಿಗಾದರೂ ಕ್ಷಯ ಇತ್ತೇ? ರಾತ್ರಿ ಬಟ್ಟೆ ತೋಯುವಷ್ಟು ಬೆವರುತ್ತಾಳೆಯೇ? ಕೆಮ್ಮು? ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟಿದೆಯೇ? ಹಲ್ಲು ಹುಳುಕಾಗಿದೆಯೇ?

ಹರಿಹರದ ಅಣ್ಣ · ಮೇ 13, ಬೆಳಿಗ್ಗೆ 6:15

ಮೇಡಂ, ಕೆಮ್ಮಿಲ್ಲ. ಕಂಕುಳು, ತೊಡೆಸಂದಿಯಲ್ಲಿ ಏನೂ ಇಲ್ಲ ಅಂದಳು. ಬೆವರುತ್ತಾಳೆ, ಆದರೆ ಇಲ್ಲಿ ಈಗ ಎಲ್ಲರೂ ಬೆವರುತ್ತೇವೆ. ಎರಡು ವರ್ಷದ ಹಿಂದೆ ನಮ್ಮ ದೊಡ್ಡಪ್ಪನಿಗೆ ಟಿಬಿ ಆಗಿ ಮಾತ್ರೆ ತಗೊಂಡು ವಾಸಿಯಾಯಿತು. ಆಗ ಅವರು ನಮ್ಮ ಮನೆಯಲ್ಲೇ ಇದ್ದರು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದೇ?

ಇಎನ್‌ಟಿ ವೈದ್ಯೆ, ಮೈಸೂರು · ಮೇ 13, ಬೆಳಿಗ್ಗೆ 7:50

ಇರಬಹುದು. ಹಿಂದಿನವರು ಗಂಡಮಾಲೆ ಅನ್ನುತ್ತಿದ್ದದ್ದು ಕೇಳಿದ್ದೀರಾ? ಕುತ್ತಿಗೆಯ ಸುತ್ತ ಗಂಟುಗಳು ಸರದ ಮಣಿಯ ಹಾಗೆ ಸಾಲಾಗಿ ಬರುವುದರಿಂದ ಆ ಹೆಸರು. ಗಳಗಂಡ ಬೇರೆ, ಅದು ಥೈರಾಯ್ಡ್. ಗಂಡಮಾಲೆಯ ಬಹುಪಾಲು ಈಗ ನಾವು ದುಗ್ಧಗ್ರಂಥಿಯ ಕ್ಷಯ ಅನ್ನುತ್ತೇವೆ. ಶ್ವಾಸಕೋಶದ ಹೊರಗೆ ಬರುವ ಕ್ಷಯದಲ್ಲಿ ನಮ್ಮ ದೇಶದಲ್ಲಿ ಹೆಚ್ಚು ಕಾಣುವ ಬಗೆಗಳಲ್ಲಿ ಇದೂ ಒಂದು. ಕೆಮ್ಮು ಇರಲೇಬೇಕೆಂದಿಲ್ಲ, ಎದೆಯ ಎಕ್ಸ್‌ರೇ ಚೆನ್ನಾಗಿಯೇ ಇರಬಹುದು.

ಆದರೆ ಅದೇ ಎಂದು ಈಗಲೇ ಕೂರಬೇಡಿ. ಇದೇ ವಯಸ್ಸಿನಲ್ಲಿ, ಇದೇ ಜಾಗದಲ್ಲಿ, ಇದೇ ಜ್ವರದೊಡನೆ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಕೂಡ ಬರುತ್ತದೆ. ಕಿಕುಚಿ ಕಾಯಿಲೆ ಅಂತ ಇನ್ನೊಂದಿದೆ. 1972ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಿದ್ದು, ಹೆಚ್ಚಾಗಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕಾಣುತ್ತದೆ. ಗಂಟು, ಜ್ವರ ಎರಡೂ ಇರುತ್ತವೆ, ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ. ಇದನ್ನು ಟಿಬಿ ಎಂದು ತಿಳಿದು ಆರು ತಿಂಗಳು ಮಾತ್ರೆ ನುಂಗಿದವರನ್ನು ನಾನು ಕಂಡಿದ್ದೇನೆ. ಆದ್ದರಿಂದಲೇ ಕೈಯಲ್ಲಿ ಪುರಾವೆ ಇರಬೇಕು ಎಂದು ಪದೇ ಪದೇ ಹೇಳುವುದು.

ಮೊದಲು ಕುತ್ತಿಗೆಯ ಅಲ್ಟ್ರಾಸೌಂಡ್, ಎದೆಯ ಎಕ್ಸ್‌ರೇ, ರಕ್ತ, ಎಚ್‌ಐವಿ, ಸಕ್ಕರೆ. ಆಮೇಲೆ ಸೂಜಿ ಪರೀಕ್ಷೆ, ಎಫ್‌ಎನ್‌ಎಸಿ. ಇಂಜೆಕ್ಷನ್ ಸೂಜಿಯಷ್ಟೇ ಸಣ್ಣದು, ಮರಗಟ್ಟಿಸುವ ಮದ್ದು ಕೂಡ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸೂಜಿ ಚುಚ್ಚಿದರೆ ಕಾಯಿಲೆ ಹರಡುತ್ತದೆ ಎಂದು ಯಾರಾದರೂ ತಡೆದರೆ ಕೇಳಬೇಡಿ. ರಸ ಬಂದರೆ ಅದರಲ್ಲಿ ಒಂದು ಪಾಲನ್ನು ಟಿಬಿ ಕ್ರಿಮಿ ಹುಡುಕುವ ಪರೀಕ್ಷೆಯಾದ ಸಿಬಿನಾಟ್‌ಗೆ ಕಳಿಸಲು ಹೇಳಿ. ಇದನ್ನು ಮರೆಯಬೇಡಿ.

ಧಾರವಾಡದಾಂವ · ಮೇ 13, ಬೆಳಿಗ್ಗೆ 11:05

ತಮ್ಮಾ, ಹೆದರಬ್ಯಾಡ, ಆದ್ರ ತಡಾನೂ ಮಾಡಬ್ಯಾಡ. ನಮ್ಮಪ್ಪಂದು ಹೇಳ್ತೀನಿ.

58 ವರ್ಷ ಆಗಿತ್ತು. ಇಪ್ಪತ್ತೈದು ವರ್ಷದಿಂದ ತಂಬಾಕು ಸುಣ್ಣ ತಿಕ್ಕಿ ಬಾಯಾಗ ಇಡತಿದ್ರು. ಎಡಗಡೆ ದವಡಿ ಕೆಳಗ ಗಂಟ ಬಂತು, ಕಲ್ಲಿನಂಗ ಗಟ್ಟಿ, ಅತ್ತಾಗ ಇತ್ತಾಗ ಸರೀತಿರಲಿಲ್ಲ. ನೋವಿಲ್ಲಂತ ಸುಮ್ಮನಿದ್ರು. ನೋವಿಲ್ಲದ್ದ ಛಲೋದಂತ ನಾವೆಲ್ಲಾರೂ ತಿಳಕೊಂಡಿದ್ವಿ. ಊರಾಗ ಒಬ್ರು ಕಾದ ಕಬ್ಬಿಣದ್ದು ಬರಿ ಹಾಕಿದ್ರು. ಎರಡ ತಿಂಗಳ ಹಂಗ ಹೋತು.

ಆಮ್ಯಾಲೆ ದೊಡ್ಡ ದವಾಖಾನಿಗೆ ಕರಕೊಂಡ ಹೋದ್ವಿ. ಡಾಕ್ಟರ್ ಗಂಟ ಮುಟ್ಟೂಕಿಂತ ಮೊದಲ ಬಾಯಿ ತಗಸಿ ಟಾರ್ಚ್ ಹಿಡದ್ರು, ಬಟ್ಟಿಯಿಂದ ನಾಲಿಗಿ ಹಿಡದು ಎಳದು ಬದಿಗೆ ನೋಡಿದ್ರು. ಹಿಂದಿನ ಹಲ್ಲಿನ ಹತ್ರ ನಾಲಿಗಿ ಮ್ಯಾಲೆ ಹುಣ್ಣ. ಅಪ್ಪಗ ಅದು ಗೊತ್ತಿತ್ತು, ಹಲ್ಲ ತಾಗಿ ಆಗೇತಿ ಅಂದ್ಕೊಂಡಿದ್ರು. ಗಂಟ ಬಂದದ್ದು ಅಲ್ಲಿಂದ. ನಾಲಿಗಿದು ಆಪರೇಶನ್, ಕುತ್ತಿಗಿದು ಆಪರೇಶನ್, ಆಮ್ಯಾಲೆ ಕರೆಂಟ್ (ರೇಡಿಯೇಶನ್) ಕೊಟ್ರು. ಮೂರ ವರ್ಷ ಇದ್ರು. ಆ ಎರಡ ತಿಂಗಳ ನೆನಸಿಕೊಂಡ್ರ ಇವತ್ತಿಗೂ ಹೊಟ್ಟಿ ಉರೀತದ.

ಇಎನ್‌ಟಿ ವೈದ್ಯೆ, ಮೈಸೂರು · ಮೇ 13, ಮಧ್ಯಾಹ್ನ 2:30

ನಿಮ್ಮ ತಂದೆಯವರ ಕಥೆ ಬರೆದದ್ದಕ್ಕೆ ಕೃತಜ್ಞತೆ. ನಲವತ್ತು ದಾಟಿದವರು, ತಂಬಾಕು, ಗುಟ್ಕಾ, ಎಲೆಅಡಿಕೆ, ಬೀಡಿ, ಕುಡಿತದ ಅಭ್ಯಾಸ ಇರುವವರು ಇಲ್ಲಿದ್ದರೆ ಓದಲಿ. ಕಲ್ಲಿನಂತೆ ಗಟ್ಟಿಯಾಗಿ ಅಲುಗಾಡದೆ ಇರುವ ಗಂಟು ಬಂದರೆ, ಅದು ಕ್ಯಾನ್ಸರ್ ಅಲ್ಲ ಎಂದು ಸಾಬೀತಾಗುವವರೆಗೆ ನಾವು ಕ್ಯಾನ್ಸರ್ ಎಂದೇ ನಡೆದುಕೊಳ್ಳುತ್ತೇವೆ. ಬಾಯಿ, ಗಂಟಲು, ಮೂಗಿನ ಹಿಂಭಾಗ, ಧ್ವನಿಪೆಟ್ಟಿಗೆ ಎಲ್ಲವನ್ನೂ ದುರ್ಬೀನು ಹಾಕಿ ನೋಡಬೇಕು. ಇಂಥ ಕಡೆ ಮೊದಲೇ ಚಾಕು ಹಾಕಿ ಗಂಟು ಕೀಳುವುದು ತಪ್ಪು, ಮುಂದಿನ ಶಸ್ತ್ರಚಿಕಿತ್ಸೆಯ ದಾರಿಯೇ ಕೆಡುತ್ತದೆ. ಮೊದಲು ಸೂಜಿ.

ಎಡಗಡೆ ಕೊರಳೆಲುಬಿನ ಮೇಲೆ ಗಂಟು ಬಂದರೆ ಹೊಟ್ಟೆಯನ್ನೂ ನೋಡಬೇಕು. ಜಠರದ ಕ್ಯಾನ್ಸರ್ ಮೊದಲ ಸಲ ಅಲ್ಲಿ ತೋರಿಸಿಕೊಂಡದ್ದುಂಟು. ಎರಡು ಬೆರಳಿಗೆ ನಾಡಿಯಂತೆ ಬಡಿಯುವ, ಅಕ್ಕಪಕ್ಕ ಸರಿದರೂ ಮೇಲೆ ಕೆಳಗೆ ಸರಿಯದ ಗಂಟಿದ್ದರೆ ಸ್ಕ್ಯಾನ್ ಆಗುವ ತನಕ ಸೂಜಿಯನ್ನೂ ಹಾಕಬಾರದು. ಅದು ಮೆದುಳಿಗೆ ರಕ್ತ ಒಯ್ಯುವ ನಾಳದ ಕವಲಿನಲ್ಲಿ ಹುಟ್ಟಿದ ಗಡ್ಡೆ ಇರಬಹುದು.

ಎರಡು ಮಕ್ಕಳ ತಾಯಿ · ಮೇ 13, ಸಂಜೆ 4:10

ಇದನ್ನೆಲ್ಲ ಓದಿ ಕೈಕಾಲು ತಣ್ಣಗಾಯಿತು. ನನ್ನ ಮಗಳಿಗೆ ಆರು ವರ್ಷ, ಹೆಡಕಿನಲ್ಲಿ ಕಡಲೆಕಾಳಿನಂಥ ಗಂಟು ನಾಲ್ಕೈದು ಇವೆ, ಎರಡೂ ಕಡೆ. ಆಟ ಆಡಿಕೊಂಡು ಚೆನ್ನಾಗಿದ್ದಾಳೆ. ನಾನೂ ಸೂಜಿ ಪರೀಕ್ಷೆಗೆ ಓಡಬೇಕಾ?

ರಾತ್ರಿಪಾಳಿ ಸಿಸ್ಟರ್ · ಮೇ 13, ಸಂಜೆ 5:00

ಮೊದಲು ಮಗಳ ತಲೆ ನೋಡಮ್ಮಾ. ಹೇನು, ಸೀರು, ತುರಿಸಿ ಆದ ಗಾಯ, ಬೆವರುಗುಳ್ಳೆ, ಕುರು ಏನಾದರೂ ಇದೆಯಾ? ಶಾಲೆ ಮಕ್ಕಳ ಹೆಡಕಿನ ಗಂಟಿಗೆ ಎಷ್ಟೋ ಸಲ ಅದೇ ಕಾರಣ. ಕಡಲೆಕಾಳಿನಷ್ಟಿದ್ದು ಕೈಗೆ ಜಾರುವಂಥ ಗಂಟು ಮಕ್ಕಳಲ್ಲಿ ಬಹಳ ಸಾಮಾನ್ಯ, ನೆಗಡಿ ಬಂದು ಹೋದ ಮೇಲೂ ವಾರಗಟ್ಟಲೆ ಉಳಿಯುತ್ತದೆ. ಒಂದು ಸೆಂಟಿಮೀಟರ್ ದಾಟಿ ಬೆಳೆಯುತ್ತಿದ್ದರೆ, ಜ್ವರ ಬಿಡದಿದ್ದರೆ, ತೂಕ ಇಳಿದರೆ, ಮೈ ಬಿಳಿಚಿಕೊಂಡರೆ, ಕೊರಳೆಲುಬಿನ ಮೇಲೆ ಬಂದರೆ ಮಕ್ಕಳ ಡಾಕ್ಟರಿಗೆ ತೋರಿಸು. ಕಿವಿಯ ಮುಂದೆ, ಕೆಳಗೆ ಕೆನ್ನೆ ಊದಿಕೊಂಡು ಜ್ವರ ಬಂದರೆ ಅದು ಮಂಗನಬಾವು, ಅದು ಬೇರೆ.

ಎರಡು ಮಕ್ಕಳ ತಾಯಿ · ಮೇ 13, ಸಂಜೆ 6:45

ನೋಡಿದೆ ಅಕ್ಕಾ. ತಲೆ ತುಂಬ ಹೇನು, ಹಿಂದೆ ಕೆರೆದು ಗಾಯ ಆಗಿದೆ. ಇಷ್ಟು ದಿನ ನಾನು ಗಮನಿಸಿಯೇ ಇಲ್ಲವಲ್ಲ ಅಂತ ಬೇಸರ ಆಯಿತು.

ಕೊಪ್ಪದ ಟೀಚರ್ · ಮೇ 13, ರಾತ್ರಿ 8:20

ಗಂಟಲಿನ ನಡುವೆ ಬರುವ ಬಾವಿನ ಬಗ್ಗೆಯೂ ಯಾರಾದರೂ ಬರೆಯಿರಿ. ನಮ್ಮ ಅಜ್ಜಿಗೆ ಗಳಗಂಡ ಇತ್ತು, ಬಾಳೆಕಾಯಿ ಕಟ್ಟಿಕೊಂಡ ಹಾಗೆ ಕಾಣುತ್ತಿತ್ತು. ಆ ಕಾಲಕ್ಕೆ ಕೇರಿಯಲ್ಲಿ ನಾಲ್ಕು ಜನರಿಗಾದರೂ ಇತ್ತಂತೆ, ಯಾರೂ ಅದನ್ನು ಕಾಯಿಲೆ ಎಂದೇ ಎಣಿಸಿರಲಿಲ್ಲ. ಈಗ ನನ್ನ ಶಾಲೆಯ ಮಕ್ಕಳಲ್ಲಿ ಅಂಥದ್ದು ಕಾಣುವುದಿಲ್ಲ. ನಾನು ಪಾಠದಲ್ಲಿ ಅಯೋಡಿನ್ ಉಪ್ಪಿನ ವಿಷಯ ಹೇಳುವಾಗ ಅಜ್ಜಿಯ ಫೋಟೋ ತೋರಿಸುತ್ತೇನೆ. 1956ರಿಂದ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಜೊತೆಯವರು ಅಯೋಡಿನ್ ಸೇರಿಸಿದ ಉಪ್ಪು ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿದರು, 1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತು. ಚಿಟಿಕೆ ಉಪ್ಪು ಒಂದು ತಲೆಮಾರಿನ ಕುತ್ತಿಗೆಯನ್ನೇ ಬದಲಾಯಿಸಿತು ಅಂದರೆ ಮಕ್ಕಳು ಕಣ್ಣರಳಿಸುತ್ತಾರೆ.

ಆದರೂ ನನಗೆ ಹೋದ ವರ್ಷ ಥೈರಾಯ್ಡಿನಲ್ಲಿ ಗಂಟು ಬಂತು. ಅಯೋಡಿನ್ ಉಪ್ಪು ತಿಂದರೂ ಯಾಕೆ?

ಇಎನ್‌ಟಿ ವೈದ್ಯೆ, ಮೈಸೂರು · ಮೇ 13, ರಾತ್ರಿ 9:35

ಟೀಚರ್, ಅಯೋಡಿನ್ ಕೊರತೆ ಒಂದು ಕಾರಣ ಮಾತ್ರ. ಥೈರಾಯ್ಡ್ ಗಂಟು ಹೆಂಗಸರಲ್ಲಿ, ವಯಸ್ಸಾದ ಹಾಗೆ ಸಾಮಾನ್ಯ, ಬಹುಪಾಲು ಕೆಡುಕಿನದ್ದಲ್ಲ. ಒಂದು ಲೋಟ ನೀರು ಕೊಟ್ಟು ಗುಟುಕರಿಸಲು ಹೇಳಿ ನೋಡುವುದು ನಮ್ಮ ಮೊದಲ ಪರೀಕ್ಷೆ. ಥೈರಾಯ್ಡ್ ಗಂಟಲ ಪೆಟ್ಟಿಗೆಗೆ ಅಂಟಿಕೊಂಡಿರುವುದರಿಂದ ನುಂಗುವಾಗ ಅದರ ಜೊತೆ ಮೇಲೇರುತ್ತದೆ. ನಾಲಿಗೆ ಹೊರಚಾಚಿದಾಗಲೂ ಮೇಲೇರಿದರೆ ಅದು ಹುಟ್ಟಿನಿಂದ ಉಳಿದುಬಂದ ಥೈರೋಗ್ಲಾಸಲ್ ನೀರುಗಂಟು, ಸಾಮಾನ್ಯವಾಗಿ ಮಕ್ಕಳಲ್ಲಿ. ಅದನ್ನು ತೆಗೆಯುವ ಮೊದಲು ಅಲ್ಟ್ರಾಸೌಂಡ್ ಮಾಡಿಸಿ ಥೈರಾಯ್ಡ್ ತನ್ನ ಜಾಗದಲ್ಲಿದೆಯೇ ನೋಡಲೇಬೇಕು. ಕೆಲವರಿಗೆ ಇಡೀ ಮೈಗೆ ಇರುವ ಥೈರಾಯ್ಡೇ ಆ ಗಂಟಿನಲ್ಲಿರುತ್ತದೆ!

ದೊಡ್ಡವರ ಥೈರಾಯ್ಡ್ ಗಂಟಿಗೆ ಥೈರಾಯ್ಡಿನ ಕೆಲಸ ತಿಳಿಸುವ ರಕ್ತಪರೀಕ್ಷೆ ಟಿಎಸ್‌ಎಚ್, ಅಲ್ಟ್ರಾಸೌಂಡ್, ಬೇಕಿದ್ದರೆ ಸೂಜಿ. ಬೇಗ ಬೆಳೆದರೆ, ದನಿ ಒಡೆದರೆ, ಪಕ್ಕದಲ್ಲಿ ಗ್ರಂಥಿ ಊದಿದರೆ ಕಾಯಬೇಡಿ.

ರಾತ್ರಿಪಾಳಿ ಸಿಸ್ಟರ್ · ಮೇ 14, ಬೆಳಗಿನ ಜಾವ 3:50

ವಾರ್ಡಿನಲ್ಲಿ ಸ್ವಲ್ಪ ಬಿಡುವು ಸಿಕ್ಕಿದೆ. ಮನೆಯಲ್ಲಿ ವಾರಗಟ್ಟಲೆ ಬೆಳೆಯುವ ಗಂಟಿನ ಮಾತು ಆಯಿತು. ಆಸ್ಪತ್ರೆಯಲ್ಲಿ ಮಲಗಿರುವವರ ಕುತ್ತಿಗೆ ಊದುವುದು ಬೇರೆಯೇ ಲೆಕ್ಕ. ಅಲ್ಲಿ ವಾರ ಇರಲಿ, ಎಷ್ಟೋ ಸಲ ಗಂಟೆಯೂ ಸಿಗುವುದಿಲ್ಲ. ಹದಿನಾರು ವರ್ಷದಲ್ಲಿ ಕಂಡದ್ದನ್ನು ಬರೆಯುತ್ತೇನೆ, ರೋಗಿಯ ಪಕ್ಕ ಕೂರುವವರಿಗೆ ಉಪಯೋಗವಾದೀತು.

ಥೈರಾಯ್ಡ್ ಆಪರೇಶನ್ ಆದವರನ್ನು ಮೊದಲ ದಿನ ಕಣ್ಣಿಟ್ಟು ನೋಡಬೇಕು. ಕೆಲವರಿಗೆ ಬ್ಯಾಂಡೇಜಿನ ಕೆಳಗೆ ರಕ್ತ ಕಟ್ಟಿಕೊಂಡು ಕುತ್ತಿಗೆ ಬಿಗಿಯುತ್ತದೆ, ರೋಗಿ ಚಡಪಡಿಸುತ್ತಾರೆ, ಕೂರಿಸಿ ಅನ್ನುತ್ತಾರೆ, ದನಿ ಬದಲಾಗುತ್ತದೆ. ಹಾಸಿಗೆಯ ಪಕ್ಕದಲ್ಲೇ ಹೊಲಿಗೆ ಬಿಚ್ಚುವ ಸಾಮಾನು ಇಟ್ಟಿರುತ್ತೇವೆ, ಯಾಕೆಂದರೆ ಉಸಿರು ಕಟ್ಟಿದರೆ ಥಿಯೇಟರಿಗೆ ಒಯ್ಯುವಷ್ಟು ಹೊತ್ತು ಇರುವುದಿಲ್ಲ, ಅಲ್ಲೇ ಹೊಲಿಗೆ ಬಿಚ್ಚಿ ರಕ್ತ ಹೊರಬಿಡಬೇಕು. ನಿಮ್ಮವರು ಬಿಗಿಯಾಗ್ತಿದೆ ಅಂದರೆ ನೋವಿಗೆ ಹಾಗನ್ನುತ್ತಾರೆ ಎಂದು ಸಮಾಧಾನ ಹೇಳಬೇಡಿ, ಕೂಗಿ ಕರೆಯಿರಿ. ನಮಗೆ ಬೇಸರವಾಗುವುದಿಲ್ಲ.

ಎದೆಗೆ ನಳಿಕೆ ಹಾಕಿದವರು, ಗಂಟಲಿಗೆ ತೂತು ಮಾಡಿ ನಳಿಕೆ ಇಟ್ಟವರು, ವೆಂಟಿಲೇಟರಿನಲ್ಲಿ ಇರುವವರ ಕುತ್ತಿಗೆ ಇದ್ದಕ್ಕಿದ್ದಂತೆ ಉಬ್ಬಿ, ಮುಟ್ಟಿದರೆ ಒಣ ಹಪ್ಪಳ ಮುರಿದಂತೆ ಚಟಚಟ ಅಂದರೆ ಚರ್ಮದ ಕೆಳಗೆ ಗಾಳಿ ಸೇರಿದೆ. ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ಆಗಲೇ ಹುಡುಕಬೇಕು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಲೈನ್ (ಔಷಧಿ ಕೊಡುವ ನಳಿಕೆ) ಹಾಕಿದ ಕಡೆ ಊದಿದರೆ ರಕ್ತ ಸೋರಿರಬಹುದು, ಕೆಲವು ದಿನದ ಮೇಲೆ ಕೈಯೂ ಸೇರಿ ಊದಿದರೆ ನಾಳದಲ್ಲಿ ಹೆಪ್ಪುಗಟ್ಟಿರಬಹುದು. ಡಾಪ್ಲರ್ ಸ್ಕ್ಯಾನಿನಲ್ಲಿ ತಿಳಿಯುತ್ತದೆ.

ಇನ್ನೊಂದನ್ನು ನಾವೇ ಎಷ್ಟೋ ಸಲ ತಡವಾಗಿ ಗಮನಿಸುತ್ತೇವೆ. ಸೊಂಟದ ಮೂಳೆ ಮುರಿದು ಆಪರೇಶನ್ ಆದ ಅಜ್ಜಿ, ಸರಿಯಾಗಿ ನೀರು ಕುಡಿದಿಲ್ಲ, ಬಾಯಿ ಒಣಗಿದೆ. ಮೂರನೆಯ ದಿನ ಕಿವಿಯ ಕೆಳಗೆ ಕೆಂಪಾಗಿ ಊದಿ ಕಿವಿಯ ಹಾಲೆ ಮೇಲಕ್ಕೆದ್ದಿರುತ್ತದೆ. ಮಂಗನಬಾವು ಎಂದು ಮನೆಯವರು ನಗುತ್ತಾರೆ. ಅಲ್ಲ, ಜೊಲ್ಲಿನ ಗ್ರಂಥಿಯಲ್ಲಿ ಕೀವಾಗಿದೆ. ಜೊಲ್ಲು ಹರಿಯದೆ ನಿಂತಾಗ ಬಾಯಿಯ ಕ್ರಿಮಿ ನಳಿಕೆಯೊಳಗೆ ಹಿಂದಕ್ಕೆ ಏರುತ್ತದೆ. ಗುಟುಕು ಗುಟುಕು ನೀರು ಕೊಡುವುದು, ಬಾಯಿ ಸ್ವಚ್ಛ ಮಾಡುವುದು ಇದನ್ನು ಎಷ್ಟೋ ಮಟ್ಟಿಗೆ ತಪ್ಪಿಸುತ್ತದೆ. ಅದು ನಿಮ್ಮ ಕೈಯಲ್ಲೂ ಇದೆ.

ಕೊನೆಯದಾಗಿ, ಸಕ್ಕರೆ ಕಾಯಿಲೆಯವರ ಹುಳುಕು ಹಲ್ಲು. ಕೆಳಗಿನ ದವಡೆ ಹಲ್ಲು ನೋಯುತ್ತಿತ್ತು, ಈಗ ಗದ್ದದ ಕೆಳಗೆ ಎರಡೂ ಕಡೆ ಹಲಗೆಯಂತೆ ಗಟ್ಟಿಯಾಗಿದೆ, ನಾಲಿಗೆ ಮೇಲಕ್ಕೆ ಬಂದಿದೆ, ಜೊಲ್ಲು ಸುರಿಯುತ್ತಿದೆ, ಮಲಗಲು ಆಗುತ್ತಿಲ್ಲ ಅಂದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಬಿಪಿಗೆ ಎನಾಲಪ್ರಿಲ್, ರಾಮಿಪ್ರಿಲ್ ನುಂಗುವವರಿಗೆ ತುಟಿ, ನಾಲಿಗೆ, ಗಂಟಲು ಊದಿದರೂ ಹಾಗೆಯೇ. ವರ್ಷಗಟ್ಟಲೆ ಒಗ್ಗಿದ ಮಾತ್ರೆ ಆಗಿದ್ದರೂ ಹಾಗಾಗಬಹುದು.

ಹರಿಹರದ ಅಣ್ಣ · ಮೇ 29, ರಾತ್ರಿ 10:10

ಹದಿನೈದು ದಿನ ಬರೆಯಲಾಗಲಿಲ್ಲ. ಅಲ್ಟ್ರಾಸೌಂಡಿನಲ್ಲಿ ಗ್ರಂಥಿಗಳು ಒಂದಕ್ಕೊಂದು ಅಂಟಿಕೊಂಡಿವೆ, ಒಳಗೆ ಕೊಳೆತ ಭಾಗವಿದೆ ಅಂತ ಬಂತು. ಎಕ್ಸ್‌ರೇ ಸರಿಯಿದೆ. ಸೂಜಿ ಪರೀಕ್ಷೆಯ ವರದಿಯಲ್ಲಿ ರಿಯಾಕ್ಟಿವ್ ಅಂತ ಬರೆದರು. ಅಂದರೆ ಬರಿ ಸೋಂಕಿಗೆ ಊದಿದ್ದು ಅಂತ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಆದರೆ ಡಾಕ್ಟರಿಗೆ ಸಮಾಧಾನವಾಗಲಿಲ್ಲ, ಗಂಟನ್ನೇ ತೆಗೆದು ಬಯಾಪ್ಸಿಗೆ ಕಳಿಸೋಣ ಅಂದರು. ಖಾಸಗಿ ಆಸ್ಪತ್ರೆಯೊಂದರಲ್ಲಿ ಮಾಡಿಸಿದೆವು.

ವರದಿ ಬಂದಿದೆ. ಗ್ರ್ಯಾನುಲೋಮ (ಉರಿಯೂತದ ಜೀವಕೋಶಗಳ ಗುಂಪು), ನಡುವೆ ಗಿಣ್ಣಿನಂತೆ ಕೊಳೆತ ಭಾಗ, ಟಿಬಿ ಇರುವ ಸಾಧ್ಯತೆ ಹೆಚ್ಚು ಅಂತ. ವೈದ್ಯೆ ಮೇಡಂ ಹೇಳಿದ ಸಿಬಿನಾಟ್ ಆಯಿತಾ ಅಂತ ಕೇಳಿದೆ. ಗಂಟು ಪೂರ್ತಿ ಫಾರ್ಮಲಿನ್‌ಗೆ ಹಾಕಿಬಿಟ್ಟಿದ್ದೇವೆ, ಇನ್ನು ಆಗುವುದಿಲ್ಲ ಅಂದರು. ಏನು ಇದರ ಅರ್ಥ? ನಾನು ಸೂಜಿಯ ಸಮಯಕ್ಕೆ ಹೇಳಿದ್ದೆ, ಆಪರೇಶನ್ ದಿನ ಗಾಬರಿಯಲ್ಲಿ ಮರೆತೆ.

ಗಾಜಿನ ಪಟ್ಟಿ (ಲ್ಯಾಬ್) · ಮೇ 29, ರಾತ್ರಿ 11:30

ಅಣ್ಣಾ, ಇದು ನಿಮ್ಮ ತಪ್ಪಲ್ಲ. ನಮ್ಮ ಲ್ಯಾಬಿಗೆ ವಾರಕ್ಕೊಂದಾದರೂ ಹೀಗೆ ಬರುತ್ತದೆ, ಪ್ರತಿ ಸಲ ನನಗೆ ಸಂಕಟವಾಗುತ್ತದೆ.

ಫಾರ್ಮಲಿನ್ ಅಂಗಾಂಶವನ್ನು ಕೊಳೆಯದಂತೆ ಗಟ್ಟಿಮಾಡುತ್ತದೆ. ಜೀವಕೋಶದ ಆಕಾರ ಉಳಿಯುತ್ತದೆ, ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಅದೇ ಬೇಕು. ಆದರೆ ಕ್ರಿಮಿ ಸಾಯುತ್ತದೆ. ಸತ್ತ ಕ್ರಿಮಿಯನ್ನು ಬೆಳೆಸಲಾಗದು, ಹಾಗಾಗಿ ಕಲ್ಚರ್ ಇಲ್ಲ. ಸಿಬಿನಾಟ್‌ಗೂ ಹಸಿ ಮಾದರಿಯೇ ಬೇಕು. ಗಂಟು ಹೊರಬಂದ ಗಳಿಗೆಯಲ್ಲೇ ಎರಡು ಪಾಲು ಮಾಡಬೇಕು: ಒಂದು ಫಾರ್ಮಲಿನ್‌ನಲ್ಲಿ ಪ್ಯಾಥಾಲಜಿಗೆ, ಒಂದು ಸ್ಟೆರೈಲ್ ಡಬ್ಬಿಯಲ್ಲಿ ಬರಿ ಸಲೈನ್ ಹಾಕಿ ಟಿಬಿ ಲ್ಯಾಬಿಗೆ. ಖರ್ಚು ಒಂದು ಡಬ್ಬಿಯದ್ದು.

ಯಾಕೆ ಇಷ್ಟು ಮುಖ್ಯ ಅಂದರೆ, ಸಿಬಿನಾಟ್ ಸುಮಾರು ಎರಡು ಗಂಟೆಯಲ್ಲಿ ಎರಡು ಮಾತು ಹೇಳುತ್ತದೆ. ಟಿಬಿ ಕ್ರಿಮಿ ಇದೆಯೇ, ಇದ್ದರೆ ರಿಫಾಂಪಿಸಿನ್ ಎಂಬ ಟಿಬಿಯ ಮುಖ್ಯ ಔಷಧಿಗೆ ಬಗ್ಗುತ್ತದೆಯೇ. ಬಗ್ಗದ ಕ್ರಿಮಿಯಾದರೆ ಸಾಮಾನ್ಯ ಮಾತ್ರೆ ಆರು ತಿಂಗಳು ನುಂಗಿದರೂ ವ್ಯರ್ಥ. ಟ್ರೂನ್ಯಾಟ್ ಅಂತ ನಮ್ಮ ದೇಶದ್ದೇ ಒಂದು ಯಂತ್ರವೂ ಇದೆ, ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡದ್ದು, ಬ್ಯಾಟರಿಯಲ್ಲೂ ನಡೆಯುತ್ತದೆ. ಕಲ್ಚರ್ ನಿಧಾನ, ಆರು ವಾರದವರೆಗೂ ಕಾಯುತ್ತೇವೆ, ಆದರೆ ಉಳಿದ ಔಷಧಿಗಳ ಬಗ್ಗೆಯೂ ತಿಳಿಸುತ್ತದೆ. ಗ್ರಂಥಿಯ ರಸದಲ್ಲಿ ಕ್ರಿಮಿ ಕಡಿಮೆ ಇರುವುದರಿಂದ ಸಿಬಿನಾಟ್ ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲ ಎಂದಾಗುವುದಿಲ್ಲ, ಇದೂ ನೆನಪಿರಲಿ.

ಯಾರಾದರೂ ರಕ್ತದಲ್ಲಿ ಟಿಬಿ ಐಜಿಜಿ, ಐಜಿಎಂ ಪರೀಕ್ಷೆ ಮಾಡೋಣ ಅಂದರೆ ಬೇಡ ಅನ್ನಿ. ಅದನ್ನು ಸರ್ಕಾರ 2012ರಲ್ಲೇ ನಿಷೇಧಿಸಿದೆ.

ಇಎನ್‌ಟಿ ವೈದ್ಯೆ, ಮೈಸೂರು · ಮೇ 30, ಬೆಳಿಗ್ಗೆ 7:20

ಸೂಜಿ ವರದಿ ರಿಯಾಕ್ಟಿವ್ ಅಂದರೂ ನಿಮ್ಮ ಡಾಕ್ಟರ್ ಅಲ್ಲಿಗೆ ನಿಲ್ಲಿಸಲಿಲ್ಲವಲ್ಲ, ಅದು ಸರಿಯಾದ ನಿರ್ಧಾರ. ಸೂಜಿ ಎಲ್ಲಿ ಚುಚ್ಚಿತೋ ಅಲ್ಲಿನದ್ದನ್ನು ಮಾತ್ರ ಹೇಳುತ್ತದೆ. ಲಿಂಫೋಮಾ ಇಲ್ಲವೆಂದು ಗಟ್ಟಿಯಾಗಿ ಹೇಳಲೂ ಇಡೀ ಗ್ರಂಥಿ ಬೇಕು. ಈಗ ಆ ಭಯ ಕಳೆಯಿತು.

ಪಕ್ಕದಲ್ಲಿ ಇನ್ನೂ ಎರಡು ಗಂಟಿತ್ತಲ್ಲ? ಅಲ್ಟ್ರಾಸೌಂಡ್ ನೋಡಿಕೊಂಡು ಕೊಳೆತ ಭಾಗಕ್ಕೇ ಸೂಜಿ ಹಾಕಿ ರಸ ತೆಗೆದು ಸಿಬಿನಾಟ್, ಕಲ್ಚರ್ ಎರಡಕ್ಕೂ ಕಳಿಸಬಹುದು. ಮಾತ್ರೆ ಶುರುಮಾಡುವ ಮೊದಲು. ಯಾರಾದರೂ ಕೊಯ್ದು ಕೀವು ಬಿಡೋಣ ಅಂದರೆ ಮಾತ್ರ ಒಪ್ಪಬೇಡಿ. ಟಿಬಿ ಗಂಟನ್ನು ಕುರುವಿನಂತೆ ಕೊಯ್ದರೆ ತಿಂಗಳುಗಟ್ಟಲೆ ಸೋರುವ ತೂತು ಉಳಿಯುತ್ತದೆ.

ಹರಿಹರದ ಅಣ್ಣ · ಜೂನ್ 4, ಸಂಜೆ 7:00

ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ಸೂಜಿ ಹಾಕಿಸಿದೆವು. ಸಿಬಿನಾಟ್ ಪಾಸಿಟಿವ್. ರಿಫಾಂಪಿಸಿನ್‌ಗೆ ಬಗ್ಗುತ್ತದೆ. ಇಂದಿನಿಂದ ಮಾತ್ರೆ, ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ಎಲ್ಲ ಉಚಿತ. ಸರ್ಕಾರದ ಟಿಬಿ ನೋಂದಣಿಯಾದ ನಿಕ್ಷಯ್‌ನಲ್ಲಿ ಹೆಸರು ಬರೆದುಕೊಂಡರು, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದಂತೆ. ಮೂತ್ರ ಕಿತ್ತಳೆ ಬಣ್ಣ ಆಗುತ್ತೆ, ಹೆದರಬೇಡ ಅಂತ ಆಶಾ ಕಾರ್ಯಕರ್ತೆ ಮೊದಲೇ ಹೇಳಿದ್ದರು, ಇಲ್ಲದಿದ್ದರೆ ಅದಕ್ಕೂ ಓಡುತ್ತಿದ್ದೆವು. ಕಣ್ಣು ಮಂಜಾದರೆ, ಕಣ್ಣು ಹಳದಿಯಾದರೆ ಕೂಡಲೇ ಬಾ ಅಂದಿದ್ದಾರೆ.

ಅಮ್ಮ ಅವಳ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಅವಳು ಏನೂ ಮಾತಾಡದೆ ಅದರಲ್ಲೇ ಊಟ ಮಾಡಿದಳು. ನನಗೆ ನೋಡಲಾಗಲಿಲ್ಲ.

ರಾತ್ರಿಪಾಳಿ ಸಿಸ್ಟರ್ · ಜೂನ್ 4, ರಾತ್ರಿ 8:15

ಆ ತಟ್ಟೆ ಇವತ್ತೇ ಒಳಗೆ ಸೇರಿಸು ತಮ್ಮಾ. ಗ್ರಂಥಿಯಲ್ಲಷ್ಟೇ ಇರುವ ಟಿಬಿ ಹರಡುವುದಿಲ್ಲ. ಶ್ವಾಸಕೋಶದಲ್ಲಿ ಇದ್ದಾಗ ಕೆಮ್ಮಿನಿಂದ ಗಾಳಿಯಲ್ಲಿ ಹರಡುವುದು, ಆಗಲೂ ತಟ್ಟೆ ಲೋಟದಿಂದ ಅಲ್ಲ. ಅಮ್ಮನಿಗೆ ನಾನೇ ಫೋನಿನಲ್ಲಿ ಹೇಳಬೇಕಾದರೆ ಹೇಳುತ್ತೇನೆ. ಮದುವೆಯೂ ಆಗುತ್ತದೆ, ಮಕ್ಕಳೂ ಆಗುತ್ತವೆ. ನಮ್ಮ ವಾರ್ಡಿನ ಸಿಸ್ಟರೊಬ್ಬರು ಇದೇ ಕಾಯಿಲೆ ವಾಸಿಯಾದ ಮೇಲೆ ಮದುವೆಯಾದವರು, ಈಗ ಮಗ ಹೈಸ್ಕೂಲಿನಲ್ಲಿದ್ದಾನೆ.

ಹರಿಹರದ ಅಣ್ಣ · ಜುಲೈ 10, ರಾತ್ರಿ 9:00

ತುರ್ತು. ಐದು ವಾರದಿಂದ ಒಂದು ದಿನವೂ ತಪ್ಪದೆ ಮಾತ್ರೆ ತಗೊಂಡಿದ್ದಾಳೆ. ಜ್ವರ ಹೋಗಿತ್ತು, ತೂಕ 49 ಆಗಿತ್ತು. ನಾಲ್ಕು ದಿನದಿಂದ ಗಂಟು ಮತ್ತೆ ಊದಿದೆ, ಮೊದಲಿಗಿಂತ ದೊಡ್ಡದು. ಔಷಧಿ ಕೆಲಸ ಮಾಡುತ್ತಿಲ್ಲವಾ?

ಇಎನ್‌ಟಿ ವೈದ್ಯೆ, ಮೈಸೂರು · ಜುಲೈ 10, ರಾತ್ರಿ 9:25

ಮಾತ್ರೆ ನಿಲ್ಲಿಸಬೇಡಿ. ನಾಳೆ ಮಾತ್ರೆ ಕೊಟ್ಟ ಡಾಕ್ಟರ ಬಳಿಗೇ ಹೋಗಿ ತೋರಿಸಿ. ಗ್ರಂಥಿಯ ಟಿಬಿಯಲ್ಲಿ ಚಿಕಿತ್ಸೆ ನಡೆಯುತ್ತಿರುವಾಗಲೇ ಗಂಟು ದೊಡ್ಡದಾಗುವುದು, ಹೊಸ ಗಂಟು ಏಳುವುದು ಉಂಟು. ಸಾಯುತ್ತಿರುವ ಕ್ರಿಮಿಯ ಚೂರುಗಳ ಮೇಲೆ ಮೈ ತಿರುಗಿಬೀಳುವುದರಿಂದ ಹಾಗಾಗುತ್ತದೆ. ಜ್ವರವಿಲ್ಲ, ತೂಕ ಏರುತ್ತಿದೆ, ಕ್ರಿಮಿ ರಿಫಾಂಪಿಸಿನ್‌ಗೆ ಬಗ್ಗುತ್ತದೆ ಎಂಬ ವರದಿ ಕೈಯಲ್ಲಿದೆ. ಅಂದು ಎರಡನೆಯ ಸಲ ಸೂಜಿ ಹಾಕಿಸಿಕೊಂಡದ್ದು ಈಗ ಉಪಯೋಗಕ್ಕೆ ಬಂತು. ಆ ವರದಿ ಇಲ್ಲದಿದ್ದರೆ ಔಷಧಿಗೆ ಬಗ್ಗದ ಟಿಬಿಯೋ ಎಂದು ನಾವೆಲ್ಲ ತಡಕಾಡಬೇಕಿತ್ತು. ಕಲ್ಚರ್ ವರದಿಯೂ ಬಂದಿದೆಯೇ ಎಂದು ಕೇಳಿ.

ಹರಿಹರದ ಅಣ್ಣ · ಜುಲೈ 12, ಮಧ್ಯಾಹ್ನ 1:15

ಮೇಡಂ ಹೇಳಿದ್ದನ್ನೇ ಅಲ್ಲೂ ಹೇಳಿದರು. ಸೂಜಿಯಲ್ಲಿ ಸ್ವಲ್ಪ ಕೀವು ಎಳೆದು ತೆಗೆದರು, ಕೊಯ್ಯಲಿಲ್ಲ. ಕಲ್ಚರ್ ಬಂದಿದೆ, ಎಲ್ಲ ಮಾತ್ರೆಗೂ ಬಗ್ಗುತ್ತದಂತೆ. ತಂಗಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಬೆಣ್ಣೆ ದೋಸೆ ಕೇಳಿ ತಿಂದಳು. ಎರಡು.

ದಾಂಡೇಲಿ ಮಂಜು · ನವೆಂಬರ್ 18, ಸಂಜೆ 6:30

ಹಳೆಯ ಚರ್ಚೆ ಹುಡುಕಿಕೊಂಡು ಬಂದೆ. ನನ್ನ ಹೆಂಡತಿಗೆ ಇದೇ ಥರ ಗಂಟು, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಯಾಪ್ಸಿ. ಹರಿಹರದ ಅಣ್ಣಾ, ತಂಗಿ ಹೇಗಿದ್ದಾರೆ?

ಹರಿಹರದ ಅಣ್ಣ · ನವೆಂಬರ್ 18, ಸಂಜೆ 6:42

ಇನ್ನು ಹದಿನೈದು ದಿನದ ಮಾತ್ರೆ ಉಳಿದಿದೆ. ತೂಕ 54. ಒಂದು ಗಂಟು ಕಡಲೆಕಾಳಿನಷ್ಟು ಉಳಿದಿದೆ, ಅದು ಹಾಗೇ ಇರಬಹುದು ಅಂದಿದ್ದಾರೆ.

ಬಯಾಪ್ಸಿ ನಾಳೆ ಅಂದರೆ ಈಗಲೇ ವಾರ್ಡಿಗೆ ಹೋಗಿ ಡ್ಯೂಟಿ ಡಾಕ್ಟರನ್ನು ಕೇಳಿ. ಗಂಟನ್ನು ಎರಡು ಪಾಲು ಮಾಡಿ, ಒಂದು ಫಾರ್ಮಲಿನ್‌ಗೆ, ಒಂದು ಸಲೈನ್‌ಗೆ. ಬಾಯಲ್ಲಿ ಹೇಳಿದರೆ ಸಾಲದು, ಕೇಸ್ ಶೀಟಿನಲ್ಲಿ ಬರೆಸಿ.

ದಾಂಡೇಲಿ ಮಂಜು · ನವೆಂಬರ್ 18, ರಾತ್ರಿ 8:05

ಕೇಳಿದೆ ಅಣ್ಣಾ. ಬರೆದುಕೊಂಡರು. ಎರಡು ಡಬ್ಬಿಗೂ ಹೆಸರಿನ ಚೀಟಿ ಅಂಟಿಸಿ ಮೇಜಿನ ಮೇಲೆ ಇಟ್ಟಿದ್ದಾರೆ, ನಾನೇ ನೋಡಿ ಬಂದೆ.